ತಾಮ್ರ ಸಿಕ್ಕಲ್ಲಿ ನಿಲ್ಲಬೇಕು

ವಾಡಿ ಜಂಕ್ಷನ್ನಿನ ಸುತ್ತಮುತ್ತ ಯಾರ ರೇಡಿಯೋ ಕೆಟ್ಟರೂ ಬಂದೇಅಲಿ ಉಸ್ತಾದರ ಅಂಗಡಿಗೇ ಬರಬೇಕು ಎನ್ನುವ ಕಾಲವೊಂದಿತ್ತು. ಈಗ ಅಂಗಡಿ ಅವರೇ ಕೆಲಸ ಕಲಿಸಿದ ಭುವನೇಶ್ವರಿಯದು, ಮೂಲೆಯ ಸ್ಟೂಲು ಮಾತ್ರ ಅವರದು. ಕಿವಿ ಮಂದವಾಗಿ ಹತ್ತು ವರ್ಷವಾಗಿತ್ತು. ಕಿವಿಯಂತ್ರ ಹಾಕಿಕೊಂಡರೆ ನೊಣ ಹಾರಿದ್ದೂ ಕೇಳುತ್ತದೆ ಎಂದು ಜಂಬ ಕೊಚ್ಚುತ್ತಿದ್ದರು. ಆ ಯಂತ್ರವೇ ವಾರದಿಂದ ಮೂಕವಾಗಿತ್ತು. ಮಾಡಿದ ಕಂಪನಿಯೂ ಬಾಗಿಲು ಹಾಕಿತ್ತು.

ಭುವನೇಶ್ವರಿ ಅದನ್ನು ಬಿಚ್ಚಿ ಸೂಕ್ಷ್ಮದರ್ಶಕದಡಿ ಇಟ್ಟು ದೋಷ ಹಿಡಿದಳು. ಒಳಗಿನ ಚಿಪ್‌ನ ಪಕ್ಕದಲ್ಲಿ ಕೂದಲಿಗಿಂತ ತೆಳುವಾದ ತಾಮ್ರದ ಗೆರೆ ತುಂಡಾಗಿತ್ತು. ಬೆಸೆಯಬೇಕಾದರೆ ಅದರ ಮೇಲಿನ ತಡೆಪದರವನ್ನು, ಅಂದರೆ ಬೆವರು ಒಳಗಿಳಿಯದಂತೆ ಬಳಿದ ಲೇಪವನ್ನು, ಅಷ್ಟೇ ಜಾಗದಲ್ಲಿ ತೆಗೆಯಬೇಕು. ಒಂದಿಷ್ಟು ಆಳಕ್ಕೆ ಹೋದರೆ ತಾಮ್ರವೂ ಹೋಯಿತು, ಉಸ್ತಾದರ ಕಿವಿಯೂ ಹೋಯಿತು.

ಹಿಂದೆ ಇಂಥ ಕೆಲಸವನ್ನು ಬಂದೇಅಲಿ ಬ್ಲೇಡಿನಿಂದ ಮಾಡುತ್ತಿದ್ದರು. ಕೆರೆಯುವ ಸದ್ದು ಬದಲಾದ ಗಳಿಗೆಯೇ ಕೈ ನಿಲ್ಲುತ್ತಿತ್ತು. ತಾಮ್ರ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ ಎಂದು ಅವಳಿಗೂ ಕಲಿಸಿದ್ದರು. ಆದರೆ ಇಷ್ಟು ಸಣ್ಣ ಗೆರೆಗೆ ಬ್ಲೇಡು ಅಂದರೆ ಕೊಡಲಿಯೇ ಸರಿ. ಅವಳು ಹೈದರಾಬಾದಿನಿಂದ ತಂದ ಲೇಸರ್ ಯಂತ್ರದ ಮುಸುಕು ತೆಗೆದಳು. ಚಿಪ್ ಕಾರ್ಖಾನೆಗಳಲ್ಲಿ ಇದಕ್ಕಿಂತ ನೂರಾರು ಪಟ್ಟು ತೆಳುವಾದ ಪದರಗಳನ್ನೂ ಬೆಳಕಿನಿಂದಲೇ ಬಿಡಿಸುತ್ತಾರೆ, ಲೇಪ ಬೆಳಕನ್ನು ಕುಡಿದು ಹಾರಿಹೋಗುತ್ತದೆ, ತಾಮ್ರ ಅದನ್ನು ವಾಪಸ್ ಕಳಿಸುತ್ತದೆ ಎಂದು ಚೀಟಿಯಲ್ಲಿ ಬರೆದು ತೋರಿಸಿದಳು.

ಉಸ್ತಾದರಿಗೆ ರೇಗಿತು. "ಸಪ್ಪಳಾನೇ ಇಲ್ಲದ ಕೆಲಸದಾಗ ಎಲ್ಲಿ ನಿಂದರಬೇಕಂತ ಹ್ಯಾಂಗ ಗೊತ್ತಾಗತದವ್ವಾ?"

ಅವಳು ಕಿವಿಯಂತ್ರವನ್ನು ಲೇಸರಿನಡಿ ಇಟ್ಟಳು. ಯಂತ್ರದತ್ತ ತಲೆ ಬಗ್ಗಿಸಿ, ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದಳು. ಉಸ್ತಾದರು ಸ್ಟೂಲಿನಿಂದ ಅರ್ಧ ಎದ್ದರು. ಕಣ್ಣು ಮುಚ್ಚಿ ಮಾಡುವ ಕೆಲಸವೇ ಇದು? ಅಷ್ಟರಲ್ಲಿ ಅವಳು ತಟ್ಟನೆ ಗುಂಡಿ ಬಿಟ್ಟಳು.

ಸೂಕ್ಷ್ಮದರ್ಶಕದೊಳಗೆ ಅವರೇ ಇಣುಕಿದರು. ಎಳ್ಳಿನ ಮೂತಿಯಷ್ಟು ಜಾಗದಲ್ಲಿ ತಾಮ್ರ, ಹುಣಸೆಹಣ್ಣು ಹಚ್ಚಿ ತೊಳೆದ ತಂಬಿಗೆಯಂತೆ ಫಳಫಳ. ಒಂದು ಗೀರೂ ಇಲ್ಲ. ಐವತ್ತು ವರ್ಷ ಪಳಗಿದ ಅವರ ಕೈಗೆ ಇದು ಒಮ್ಮೆಯೂ ದಕ್ಕಿರಲಿಲ್ಲ. ಒಳಗೊಳಗೇ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಅವಳು ಗೆರೆ ಬೆಸೆದು ಕಿವಿಯಂತ್ರವನ್ನು ಅವರ ಕಿವಿಗೇರಿಸಿದಳು. ಮೊದಲು ಕೇಳಿದ್ದು ಫ್ಯಾನಿನ ಕಿರಿಕಿರಿ, ಆಮೇಲೆ ಸಿಮೆಂಟಿನ ಗೂಡ್ಸ್ ಗಾಡಿಯ ಕೂಗು. ಕಣ್ಣು ತುಂಬಿದ್ದನ್ನು ಅವರು ಮುಚ್ಚಿಡಲಿಲ್ಲ.

ಭುವನೇಶ್ವರಿ ಹಾಳಾದ ಫೋನಿನ ಬೋರ್ಡೊಂದನ್ನು ಲೇಸರಿನಡಿ ಇಟ್ಟಳು. "ಈಗ ಕೇಳ್ರಿ ಉಸ್ತಾದ್," ಎಂದಳು.

ಚಿಟಚಿಟ, ಚಿಟಚಿಟ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಸಣ್ಣ ಸದ್ದು. ಬಂದೇಅಲಿ ಕಣ್ಣು ಮುಚ್ಚಿದರು. ಸದ್ದು ಒಮ್ಮೆಗೇ ಮೆತ್ತಗಾಯಿತು.

"ನಿಂದ್ರಸು," ಎಂದರು.

ಅವಳ ಬೆರಳು ಅಷ್ಟರಲ್ಲಾಗಲೇ ಗುಂಡಿ ಬಿಟ್ಟಿತ್ತು.