ಬರಬೇಡಿ ಎಂದವಳು

ಬಂದರು ಕಚೇರಿಯ ಮಹಡಿಯ ಮೇಲೆ ಒಂದು ಚಿಕ್ಕ ಕೋಣೆ. ಅದರಲ್ಲಿ ಒಂದು ಮೇಜು, ವೈರ್‌ಲೆಸ್ ಪೆಟ್ಟಿಗೆ, ಉಪ್ಪುಗಾಳಿಗೆ ಮಸುಕಾದ ಕಿಟಕಿ. ಮೀನು ಹಿಡಿಯಲು ಹೋದ ಬೋಟುಗಳ ಜೊತೆ ಮಾತಾಡುವುದು ಅವಳ ಕೆಲಸ. ಗಾಳಿ ಎತ್ತ ಕಡೆ, ಯಾರ ಎಂಜಿನ್ ಕೆಟ್ಟಿದೆ, ಎಲ್ಲ ಸುದ್ದಿಯೂ ಅವಳ ಕಿವಿ ದಾಟಿಯೇ ಹೋಗಬೇಕು. ಆ ಬೋಟುಗಳಲ್ಲಿ ಒಂದನ್ನು ನಡೆಸುತ್ತಿದ್ದವನು ಅವಳ ಗಂಡ.

ಮದುವೆಯಾಗಿ ಆರು ವರ್ಷ. ಅವನು ಹೋದರೆ ಹದಿನೈದು ದಿನ, ಬಂದರೆ ಮೂರು ದಿನ. ದಿನವೂ ದನಿ ಕೇಳುತ್ತಿದ್ದರೂ ಮನಸ್ಸು ಬಿಚ್ಚಿ ಒಂದು ಮಾತಾಡುವ ಹಾಗಿಲ್ಲ. ಗೋಡೆಗೆ ಕಿವಿಯಿದೆ ಎನ್ನುತ್ತಾರೆ. ವೈರ್‌ಲೆಸ್ಸಿಗೆ ಮೂವತ್ತು ಬೋಟುಗಳ ಕಿವಿ. ಒಮ್ಮೆ ಅವಳು "ಊಟ ಆಯ್ತಾ?" ಎಂದದ್ದಕ್ಕೆ ಹತ್ತು ಬೋಟುಗಳಿಂದ "ಆಯ್ತು, ನಿಮ್ದಾಯ್ತಾ?" ಎಂದು ಉತ್ತರ ಬಂದಿತ್ತು.

ಈ ಸಲ ನಡುಗಡಲಲ್ಲಿ ಎಂಜಿನ್ ಕೈಕೊಟ್ಟಿದ್ದರಿಂದ ಅವನು ಹೋಗಿ ಇಪ್ಪತ್ತೆರಡು ದಿನವಾಗಿತ್ತು. ಬೆಳಿಗ್ಗೆ ಒಂಬತ್ತೂವರೆಗೆ "ದೀಪಸ್ತಂಭ ಕಾಣ್ತಿದೆ, ಇನ್ನೊಂದು ಗಂಟೆ" ಎಂದ. ಅವಳು ಕಿಟಕಿ ಒರೆಸಿ ನೋಡಿದಳು. ದೂರದಲ್ಲಿ ಒಂದು ನೀಲಿ ಚುಕ್ಕೆ. ಮನೆಯಲ್ಲಿ ಅತ್ತೆ ತಮ್ಮ ಮಗನ ಸ್ನಾನಕ್ಕೆ ಆಗಲೇ ನೀರು ಕಾಯಿಸಲು ಇಟ್ಟಿದ್ದರು.

ಹತ್ತಕ್ಕೆ ಹತ್ತು ನಿಮಿಷವಿರುವಾಗ ನೆಲ ನಡುಗಿತು. ನಡುಕ ಒಂದು ನಿಮಿಷ ದಾಟಿದರೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಬಂದರು ಅಧಿಕಾರಿ ಮೆಟ್ಟಿಲ ಬಳಿಯಿಂದಲೇ ಕೂಗಿದರು: "ಎಚ್ಚರಿಕೆ ಬಂದಿದೆ! ನಲವತ್ತು ನಿಮಿಷಕ್ಕೆ ಸುನಾಮಿ. ಬೋಟುಗಳಿಗೆ ಹೇಳಿ ತಕ್ಷಣ ಹೊರಡಮ್ಮ." ಅಷ್ಟರಲ್ಲಿ ಸೈರನ್ ಕೂಗತೊಡಗಿತು.

ಮೀನುಗಾರರ ಮುನ್ನೆಚ್ಚರಿಕೆ ಸಭೆಗಳಲ್ಲಿ ಬಾಯಿಪಾಠವಾದ ಮಾತು ಅದು: ದಡದಲ್ಲಿದ್ದವರು ಗುಡ್ಡಕ್ಕೆ, ಕಡಲಲ್ಲಿದ್ದವರು ಆಳಕ್ಕೆ. ಆಳದ ನೀರಿನಲ್ಲಿ ಸುನಾಮಿ ಬೋಟಿನ ಅಡಿಯಲ್ಲಿ ಸುಮ್ಮನೆ ಹಾದುಹೋಗುತ್ತದೆ. ಅದು ಗೋಡೆಯಂತೆ ಎದ್ದು ನಿಲ್ಲುವುದು ದಡ ಸಮೀಪಿಸಿದಾಗ.

ಅವಳು ಎಲ್ಲ ಬೋಟುಗಳಿಗೂ ಸುದ್ದಿ ಹೇಳಿದಳು. ಮೊದಲು ಕೇಳಿಸಿದ್ದು ಗಂಡನ ದನಿ.

"ನಾನು ಬಾಗಿಲಲ್ಲೇ ಇದ್ದೀನಿ ಕಣೇ. ಜೋರಾಗಿ ಬಿಟ್ರೆ ಅರ್ಧ ಗಂಟೆ. ನಿನ್ನ, ಅಮ್ಮನ್ನ ಕರ್ಕೊಂಡು ಗುಡ್ಡ ಹತ್ತಬಹುದು."

"ಬರಬೇಡಿ."

"ಇಪ್ಪತ್ತೆರಡು ದಿನ ಆಯ್ತು ನಿನ್ನ ನೋಡಿ."

ಮೂವತ್ತು ಬೋಟುಗಳೂ ಕೇಳಿಸಿಕೊಳ್ಳುತ್ತಿದ್ದವು. ಯಾರೂ ತಮಾಷೆ ಮಾಡಲಿಲ್ಲ.

"ನಂಗೂ ಲೆಕ್ಕ ಗೊತ್ತಿದೆ ರೀ. ಅತ್ತೇನ ನಾನು ನೋಡ್ಕೋತೀನಿ. ನೂರು ಮಾರು ಆಳ ಸಿಗೋವರೆಗೂ ನಿಲ್ಲಿಸಬೇಡಿ. ನೀವು ತಿರುಗಿದ್ರೆ ಹಿಂದಿನವರೂ ತಿರುಗ್ತಾರೆ."

"ನೀನು?"

"ನೀವು ತಿರುಗಿದ್ದು ಕಂಡ ತಕ್ಷಣ ಹೊರಡ್ತೀನಿ."

ನೀಲಿ ಚುಕ್ಕೆ ನಿಂತಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಅಡ್ಡ ತಿರುಗಿ ಚಿಕ್ಕದಾಗತೊಡಗಿತು. ಇಷ್ಟು ದಿನ ಕಾದದ್ದು ಕಣ್ಣೆದುರೇ ಬೆನ್ನು ಮಾಡಿ ಹೋಗುತ್ತಿತ್ತು. ಅವಳು ಮೆಟ್ಟಿಲಿಳಿದು ಓಡಿದಳು.

ಅತ್ತೆ ಒಲೆ ಬಿಟ್ಟು ಕದಲಲೊಲ್ಲರು. "ಮಗ ಬರೋ ಹೊತ್ತಿಗೆ ಮನೆ ಬಿಟ್ಟು ಎಲ್ಲಿಗೆ ಬರ್ಲಿ?"

"ಅವರು ಬರಲ್ಲ ಅತ್ತೆ. ನಾನೇ ಬೇಡ ಅಂದೆ."

"ನೀನಾ?" ಎಂದು ಅತ್ತೆ ಒಲೆ ಬಿಟ್ಟು ಎದ್ದರು. ಗುಡ್ಡದ ಮೇಲಿನ ಶಾಲೆಯವರೆಗೂ ಸೊಸೆಯ ಕೈ ಹಿಡಿದೇ ಹತ್ತಿದರು, ಮುಖ ಮಾತ್ರ ಅತ್ತ ತಿರುಗಿಸಿಕೊಂಡು.

ಕಡಲು ಮೊದಲು ಹಿಂದೆ ಸರಿಯಿತು. ಬಂದರಿನ ಕೆಸರು ಬಯಲಾಯಿತು. ಆಮೇಲೆ ನೀರು ಬಂತು. ಬೀದಿಗಳನ್ನು ತುಂಬಿ, ಛಾವಣಿಗಳನ್ನು ಎತ್ತಿಕೊಂಡು, ಬಂದಷ್ಟೇ ರಭಸದಿಂದ ಇಳಿಯಿತು. ಐಸ್ ಕಾರ್ಖಾನೆಯ ಮೇಸ್ತ್ರಿ "ಮುಗೀತಲ್ಲ, ಯಂತ್ರ ಏನಾಯ್ತೋ ನೋಡ್ಬರ್ತೀನಿ" ಎಂದು ಕೆಳಗೆ ಹೊರಟ. ಅತ್ತೆಯೂ ಎದ್ದರು. "ಅವನು ಬಂದು ಹುಡುಕ್ತಾನೆ, ಬಿಡು."

ಅವಳು ಅತ್ತೆಯ ತೋಳು ಬಿಡಲಿಲ್ಲ. "ಇದು ಒಂದೇ ಅಲೆ ಅಲ್ಲ ಅತ್ತೆ. ಮೇಸ್ತ್ರಿಗಳೇ, ಹೋಗಬೇಡಿ!" ಮೇಸ್ತ್ರಿ ಕೈ ಬೀಸಿ ನಡೆದೇಬಿಟ್ಟ. ಇಪ್ಪತ್ತು ನಿಮಿಷಕ್ಕೆ ಬಂದ ಎರಡನೆಯ ಅಲೆ ಮೊದಲಿನದಕ್ಕಿಂತ ಎತ್ತರವಾಗಿತ್ತು. ಮೇಸ್ತ್ರಿ ಮರಳಲಿಲ್ಲ.

ವೈರ್‌ಲೆಸ್ ಕೋಣೆ ಕಚೇರಿಯ ಸಮೇತ ಕೊಚ್ಚಿಹೋಗಿತ್ತು. ಮರುದಿನ ಬೋಟುಗಳು ಒಂದೊಂದಾಗಿ ದಿಗಂತದಲ್ಲಿ ಕಂಡವು. ಅವಳು ಎಣಿಸಿದಳು: ಮೂವತ್ತೂ ಇದ್ದವು. ಆದರೆ ಬಂದರಿನ ಬಾಯಿಗೆ ಮರದ ದಿಮ್ಮಿ, ಛಾವಣಿಯ ತಗಡು, ಮುರಿದ ದೋಣಿಗಳು ತುಂಬಿಕೊಂಡಿದ್ದವು. ಒಳಗೆ ಬರಲು ಅಪ್ಪಣೆ ಸಿಗಲಿಲ್ಲ. ಮೂರು ದಿನ ಅವನು ಕಣ್ಣಳತೆಯಲ್ಲೇ ಲಂಗರು ಹಾಕಿ ನಿಂತಿದ್ದ. ಅವಳು ಶಾಲೆಯ ಗೋಡೆಗೆ ಒರಗಿ ನೋಡುತ್ತಿದ್ದಳು; ಕೂಗಿದರೆ ಕೇಳದು, ಕೈ ಚಾಚಿದರೆ ಸಿಗದು. ಅತ್ತೆ ಆಗಾಗ ಹಾಸಿಗೆಯ ಚಾದರ ಬೀಸುತ್ತಿದ್ದರು. ಅವರ ಕೈ ಸೋತಾಗ ಅವಳು ಬೀಸುತ್ತಿದ್ದಳು.

ನಾಲ್ಕನೆಯ ದಿನ ಗಸ್ತಿನ ದೋಣಿಯಲ್ಲಿ ಅವನನ್ನು ಕರೆತಂದರು. ಗಡ್ಡ ಬೆಳೆದಿತ್ತು, ಮೈಯೆಲ್ಲ ಡೀಸೆಲ್ ವಾಸನೆ.

"ಇವಳೇ ಕಣೋ ನಿನ್ನ ಬರಬೇಡ ಅಂದಿದ್ದು" ಎಂದು ಅತ್ತೆ ಅತ್ತರು.

"ಹೌದಮ್ಮ, ಇವಳೇ" ಎಂದ ಅವನು, ಅಮ್ಮನ ತಲೆ ಸವರುತ್ತ, ಹೆಂಡತಿಯ ಮುಖದಿಂದ ಕಣ್ಣು ಕೀಳದೆ.

ಸಂಜೆ ಇಬ್ಬರೂ ಮನೆಯಿದ್ದ ಜಾಗಕ್ಕೆ ಹೋದರು. ನೆಲ ಮಾತ್ರ ಉಳಿದಿತ್ತು. ಅದರ ಮೇಲೆಯೇ ಕುಳಿತರು.

"ಎಷ್ಟು ದಿನ ಇರ್ತೀರಿ?"

"ಬಂದರು ಸರಿಹೋಗೋವರೆಗೂ."

ಅದಕ್ಕೆ ಎಂಟು ತಿಂಗಳಾದರೂ ಬೇಕು ಎಂದು ಅಧಿಕಾರಿ ಹೇಳಿದ್ದರು. ಎಂಟು ತಿಂಗಳು! ಅವಳ ಮನಸ್ಸು ಒಳಗೊಳಗೇ ಹಿಗ್ಗಿತು. ಅಷ್ಟರಲ್ಲಿ ಕೆಸರು ತುಂಬಿದ ಬೀದಿಯಲ್ಲಿ ಮೇಸ್ತ್ರಿಯ ಹೆಂಡತಿ ಒಬ್ಬಳೇ ಐಸ್ ಕಾರ್ಖಾನೆಯ ಕಡೆಗೆ ನಡೆದುಹೋಗುವುದು ಕಾಣಿಸಿತು. ಅವಳು ಗಂಡನ ಕೈ ಬಿಡಿಸಿಕೊಂಡು, ಎದ್ದು, ಆಕೆಯ ಹಿಂದೆ ಹೋದಳು.