ಉಂಡವರಿಗೆಲ್ಲ ಓಟು

ಬುದಯ್ಯ ಎಂಬಲ್ಲಿನ ತೋಟದ ಗೇಟಿನ ಮುಂದೆ ಕಾರು ನಿಲ್ಲಿಸಿದ ಮಹಾಬಲ ಎಂಜಿನ್ ಮಾತ್ರ ಆರಿಸಲಿಲ್ಲ.

"ಹೀಗೇ ತಿರುಗಿಸಿ ಮನೆಗೆ ಹೋಗುವನಾ, ವಿನೋದಾ? ಉಂಡ ಮನೆಯ ಜಂತೆ ಎಣಿಸಬಾರದು ಅಂತ ಅಜ್ಜಿ ಹೇಳ್ತಿದ್ರು."

"ಇಲ್ಲಿ ಜಂತೆ ಎಲ್ಲುಂಟು? ಇರುವುದೆಲ್ಲ ಖರ್ಜೂರದ ಮರ. ಇಳಿಯಿರಿ ನೋಡುವ," ಎಂದಳು ಹೆಂಡತಿ.

ಕೊಲ್ಲಿ ನಾಡಿನ ಈ ಊರಿನ ಕನ್ನಡ ಕೂಟದಲ್ಲಿ ಬಳಗಗಳು ಎರಡು: ಕರಾವಳಿಯವರದೊಂದು, ಘಟ್ಟದ ಮೇಲಿನವರದೊಂದು. ಮಾರ್ಚಿನ ಚುನಾವಣೆಗೆ ಮೊದಲು ಪ್ರತಿ ಬಳಗವೂ ವಾರದ ರಜೆಯ ದಿನವಾದ ಒಂದು ಶುಕ್ರವಾರ ಊಟ ಹಾಕಿ ತನ್ನ ಅಭ್ಯರ್ಥಿಯನ್ನು ಆರಿಸಿಕೊಳ್ಳುತ್ತದೆ. ಜನ ಸೇರಲಿ ಎಂದು ಟುಬ್ಲಿಯಲ್ಲಿ ಗ್ಯಾರೇಜು ಇಟ್ಟಿರುವ ಹಿರಿಯ ಚಂದ್ರಪ್ಪನವರು ಹಿಂದೆಂದೋ ಒಂದು ನಿಯಮ ಮಾಡಿದ್ದರು: ಊಟಕ್ಕೆ ಕೂತ ಸದಸ್ಯರಿಗೆಲ್ಲ ಓಟು. ಯಾವ ಬಳಗದ ಸದಸ್ಯರು ಎಂದು ಬರೆಯುವುದನ್ನು ಆ ಪುಣ್ಯಾತ್ಮರು ಮರೆತಿದ್ದರು. ಈ ಸಲ, 2009ರಲ್ಲಿ, ಆ ಮರೆವು ವಿನೋದಾಳ ಕಣ್ಣಿಗೆ ಬಿತ್ತು.

ಅವಳಿಗೆ ಅದು ಬೇಕಾಗಿತ್ತು. ಹನ್ನೊಂದು ವರ್ಷದಿಂದ ಶುಕ್ರವಾರ ಬೆಳಿಗ್ಗೆ ಕೂಟದ ಸಭಾಂಗಣದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದವಳು ಅವಳು. ಬ್ಯಾಂಕಿನಲ್ಲಿ ಮ್ಯಾನೇಜರನಾಗಿದ್ದ ಲಕ್ಷ್ಮೀಪತಿ, ತಾನು ಅಧ್ಯಕ್ಷನಾದರೆ ಆ ಹೊತ್ತನ್ನು ಬ್ಯಾಡ್ಮಿಂಟನ್‌ಗೆ ಕೊಡುವುದಾಗಿ ಸಾರಿದ್ದ. ಈ ಊರಲ್ಲಿ ಅಆಇಈ ಯಾರಿಗೆ ಬೇಕು ಎಂಬುದು ಅವನ ವಾದ. ಘಟ್ಟದವರದೇ ಸಂಖ್ಯೆ ಹೆಚ್ಚು. ಅವರು ಆರಿಸಿದವರೇ ಅಧ್ಯಕ್ಷರು. ಅವನನ್ನು ತಡೆಯುವುದಿದ್ದರೆ ಘಟ್ಟದವರ ಈ ಊಟದಲ್ಲೇ ತಡೆಯಬೇಕು, ಅವರ ಬಳಗದಲ್ಲೇ ಅವನೆದುರು ನಿಂತ, ತರಗತಿ ಉಳಿಸುತ್ತೇನೆಂದ ಅನಸೂಯ ಗೆಲ್ಲಬೇಕು. ಅದಕ್ಕೇ ವಿನೋದಾ ಗಂಡನೂ ಸೇರಿ ಎಂಟು ಜನ ಕರಾವಳಿಯವರನ್ನು ಹೊರಡಿಸಿಕೊಂಡು ಬಂದಿದ್ದಳು.

ಪಂಕ್ತಿಯಲ್ಲಿ ಲಕ್ಷ್ಮೀಪತಿ ಪಂಚೆ ಎತ್ತಿ ಕಟ್ಟಿ ತಾನೇ ಬಡಿಸುತ್ತಿದ್ದ. ಇವರನ್ನು ಕಂಡಾಗಲೇ ಅವನಿಗೆ ಎಲ್ಲ ಅರ್ಥವಾಗಿತ್ತು. ಆದರೂ ತುಪ್ಪ ಒಂದು ಹನಿಯೂ ಕಡಿಮೆಯಾಗಲಿಲ್ಲ.

"ನೀವು ಬಂದಿದ್ದು ಸಂತೋಷ ಟೀಚರ್. ಒಬ್ಬಟ್ಟಿಗೆ ತುಪ್ಪ ಹಾಕ್ಲಾ, ಹಾಲು ಹಾಕ್ಲಾ?"

ಹೀಗೆ ಕೇಳುವವನ ಮೇಲೆ ಸಿಟ್ಟು ಹಿಡಿದಿಟ್ಟುಕೊಳ್ಳುವುದೇ ಅವಳಿಗೆ ದೊಡ್ಡ ಕೆಲಸವಾಯಿತು. ಮಹಾಬಲನಂತೂ ನಾಲ್ಕನೆಯದಕ್ಕೆ ಕೈ ಹಾಕಿದ್ದ.

"ಒಳ್ಳೆ ಜನ ಮಾರಾಯ್ತಿ, ಪಾಪ."

"ಹೊಟ್ಟೆಗೆ ಅವರ ಹೋಳಿಗೆ, ಚೀಟಿಗೆ ಅನಸೂಯ. ನೆನಪಿರಲಿ."

ಆಚೆ ಸಾರು ಬಡಿಸುತ್ತಿದ್ದವಳು ಲಕ್ಷ್ಮೀಪತಿಯ ಹೆಂಡತಿ ಸೌಜನ್ಯ. ನಾಗಪುರದಲ್ಲಿ ಬೆಳೆದ ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮಗಳನ್ನು ತರಗತಿಗೆ ಬಿಡಲು ಬಂದವಳು ಹಿಂದಿನ ಬೆಂಚಿನಲ್ಲಿ ಕೂತಳು. ಮೂರನೆಯ ವಾರಕ್ಕೆ ತಾನೂ ಒಂದು ನೋಟುಬುಕ್ಕು ತಂದಳು. "ಮನೇಲಿ ಹೇಳ್ಬೇಡಿ ಟೀಚರ್, ಚೆನ್ನಾಗಿ ಬರ್ಲಿ ಆಮೇಲೆ," ಎಂದಿದ್ದಳು. ಅವಳ ಓಟನ್ನು ವಿನೋದಾ ಕೇಳಿರಲಿಲ್ಲ. ಗಂಡನ ವಿರುದ್ಧ ಓಟು ಹಾಕು ಎಂದು ಯಾವ ಬಾಯಲ್ಲಿ ಕೇಳುವುದು?

ಊಟವಾಯಿತು. ಚೀಟಿಯಲ್ಲಿ ಹೆಸರನ್ನು ಕನ್ನಡದಲ್ಲಿ, ಸ್ವಂತ ಕೈಯಲ್ಲಿ ಬರೆಯಬೇಕು. ಅದೂ ಚಂದ್ರಪ್ಪನವರದೇ ನಿಯಮ. ಅವರು ಒಂದೊಂದೇ ಓದುತ್ತ ಹೋದರು. ಇಬ್ಬರಿಗೂ ಇಪ್ಪತ್ತನಾಲ್ಕು. ಉಳಿದದ್ದು ಒಂದು ಚೀಟಿ.

"ಅನಸೂಯ," ಎಂದು ಓದಿ ಅವರು ಅದನ್ನು ಎತ್ತಿ ಹಿಡಿದರು.

ದಪ್ಪ ದಪ್ಪ ದುಂಡಕ್ಷರ. ವಿನೋದಾಳಿಗೆ ಕಂಡಕೂಡಲೇ ಗುರುತಾಯಿತು. ಆ ಕೈಯನ್ನು ಹಿಡಿದು ತಿದ್ದಿಸಿದವಳೇ ಅವಳು.

"ಇದು ಮಗು ಬರೆದಿರೋ ಅಕ್ಷರ," ಎಂದ ಲಕ್ಷ್ಮೀಪತಿ. "ಮಕ್ಕಳಿಗೆ ಓಟಿಲ್ಲ, ಚಂದ್ರಪ್ಪನೋರೇ."

"ಬರೆದೋರು ಯಾರು ಹೇಳ್ಬಿಡಿ. ಇಲ್ಲಾಂದ್ರೆ ಇದನ್ನ ಬಿಟ್ಟು ಲಾಟರಿ ಎತ್ತಬೇಕಾಗುತ್ತೆ," ಎಂದರು ಚಂದ್ರಪ್ಪನವರು.

ಮಹಾಬಲ ಹೆಂಡತಿಯ ಕಡೆ ಬಾಗಿದ. "ನಿನ್ನ ಕ್ಲಾಸಿನ ಅಕ್ಷರ ಅಲ್ವಾ ಅದು?"

ಒಂದು ಮಾತು ಹೇಳಿದರೆ ತರಗತಿ ಉಳಿಯುತ್ತಿತ್ತು.

"ನಂಗೆ ಗೊತ್ತಿಲ್ಲ," ಎಂದು ವಿನೋದಾ ನೆಲ ನೋಡಿದಳು. ಹನ್ನೊಂದು ವರ್ಷ ಕೈಬಿಟ್ಟು ಹೋದ ಹಾಗೆ ಅನ್ನಿಸಿ ಕಣ್ಣು ತುಂಬಿತು.

ಪಾತ್ರೆಗಳ ಕಡೆಯಿಂದ ಸೌಜನ್ಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಚಂದ್ರಪ್ಪನವರ ಜೇಬಿನಿಂದ ಪೆನ್ನು ತೆಗೆದುಕೊಂಡು, ಚೀಟಿಯನ್ನು ಮಗುಚಿ, ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದು ನಿಧಾನವಾಗಿ ತನ್ನ ಹೆಸರು ಬರೆದಳು. ಅಷ್ಟೂ ಜನ ಅವಳು ಬರೆದು ಮುಗಿಸುವವರೆಗೆ ಕಾದರು.

ಲಕ್ಷ್ಮೀಪತಿ ಆ ಬದಿ ಓದಿದ. ಮಗುಚಿ ಈ ಬದಿಯನ್ನೂ ಓದಿದ.

"ಯಾವಾಗ ಕಲಿತೆ?"

"ಶುಕ್ರವಾರ ಬೆಳಿಗ್ಗೆ."

ಮೊದಲು ನಕ್ಕವರು ಚಂದ್ರಪ್ಪನವರು. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಲಕ್ಷ್ಮೀಪತಿ ತಡೆದುಕೊಳ್ಳಲು ನೋಡಿ, ಆಗದೆ, ತಲೆ ಕೆರೆದುಕೊಂಡು ತಾನೂ ನಕ್ಕ. ಅನಸೂಯ ಗೆದ್ದರೆಂದು ಚಂದ್ರಪ್ಪನವರು ಸಾರಿ, ಚೀಟಿ ವಾಪಸು ಕೇಳಿದರು. ಅವನು ಕೊಡಲಿಲ್ಲ.

ಹೊರಡುವಾಗ ವಿನೋದಾಳ ತೊಡೆಯ ಮೇಲೆ ಲಕ್ಷ್ಮೀಪತಿಯೇ ಕಟ್ಟಿಕೊಟ್ಟ ಒಬ್ಬಟ್ಟಿನ ಡಬ್ಬಿ ಇತ್ತು, ಇನ್ನೂ ಬೆಚ್ಚಗೆ. ಮಹಾಬಲ ಕಾರು ತಿರುಗಿಸಿದ. ಗೇಟಿನಾಚೆ ಖರ್ಜೂರದ ಮರದ ಕೆಳಗೆ ಲಕ್ಷ್ಮೀಪತಿ ಚೀಟಿಯನ್ನು ಮತ್ತೆ ಬಿಡಿಸಿ ಹಿಡಿದಿದ್ದ. ಪಕ್ಕದಲ್ಲಿ ನಿಂತ ಸೌಜನ್ಯ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಅವನಿಗೆ ಏನೋ ಹೇಳುತ್ತಿದ್ದಳು.