ಸತ್ತ ಸಸಿಗಳ ಬಿಲ್ಲೆ

ನಾನು ಮೋಸ ಮಾಡಿದ್ದು ನಿಜ. ಬಾಯಿಬಿಟ್ಟು ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ, ಬೇಕಾದರೆ ಇನ್ನೊಂದು ಸಲ ಬರೆದುಕೊಡುತ್ತೇನೆ. ನಾಚಿಕೆಯಾಗುವುದಿಲ್ಲವೇ ಎಂದು ಮಾತ್ರ ಯಾರೂ ಕೇಳಬೇಡಿ, ನನಗೆ ಸಿಟ್ಟು ಬರುತ್ತದೆ.

ಇಪ್ಪತ್ತಮೂರು ವರ್ಷ ಸರ್ಕಾರಿ ನರ್ಸರಿಯಲ್ಲಿ ಕೆಲಸ ಮಾಡಿದವಳು ನಾನು. ಮೊದಲು ಚೀಲಕ್ಕೆ ಮಣ್ಣು ತುಂಬುತ್ತಿದ್ದೆ, ಆಮೇಲೆ ಹದಿನಾಲ್ಕು ಹೆಂಗಸರಿಗೆ ಮೇಸ್ತ್ರಿಯಾದೆ. ಊರಾಚೆ, ಮುಚ್ಚಿಹೋದ ಇಟ್ಟಿಗೆ ಗೂಡುಗಳ ಹಿಂದೆ, ಮಣ್ಣು ತೆಗೆದು ಬಿಟ್ಟ ಎರಡು ದಿಣ್ಣೆಗಳಿದ್ದವು, ನಡುವೆ ಒಂದು ಹಳ್ಳ. ಆಚೆಯದನ್ನು ಎಂದೋ ಕೈಬಿಟ್ಟಿದ್ದರು, ಅಲ್ಲಿ ಆಗಲೇ ಕುರುಚಲು ಎದ್ದಿತ್ತು, ಈಚೆಯದು ಇನ್ನೂ ಬೋಳು. ಈಚೆ ದಿಣ್ಣೆಯಲ್ಲಿ ನಾವು ಸಾವಿರದ ಇನ್ನೂರು ಗುಂಡಿ ತೋಡಿ, ಸಾವಿರದ ಇನ್ನೂರು ಸಸಿ ನೆಟ್ಟೆವು. ಪ್ರತಿ ಸಸಿಗೂ ನಂಬರು ಹೊಡೆದ ತಗಡಿನ ಬಿಲ್ಲೆ ಕಟ್ಟಿದೆವು. ಮೇಕೆ ಬಾಯಿ ಹಾಕದಂತೆ ಸುತ್ತ ಒಂದೊಂದು ಹೊರೆ ಮುಳ್ಳು ಇಟ್ಟೆವು. ಎರಡನೆಯ ಬೇಸಿಗೆಗೆ ಎಲ್ಲವೂ ಒಣಗಿ ಕಡ್ಡಿಯಾದವು. ಸತ್ತ ಸಸಿಯ ಬಿಲ್ಲೆ ಬಿಚ್ಚಿ ಸ್ಟೋರಿಗೆ ಒಪ್ಪಿಸಬೇಕು ಎನ್ನುವುದು ನಮ್ಮಲ್ಲಿ ನಿಯಮ. ಸಸಿ ಹೋದರೆ ಹೋಗಲಿ, ತಗಡು ಸರ್ಕಾರದ್ದಲ್ಲವೇ! ಗೋಣಿಚೀಲದ ತುಂಬ ಬಿಲ್ಲೆ ಹೊತ್ತು ತಂದು ನಾದಿನಿಯ ಮುಂದೆ ಸುರಿದೆ. ಸ್ಟೋರಿನ ಬೀಗದ ಕೈ ಅವಳ ಬಳಿ ಇರುತ್ತಿತ್ತು.

ಮುಳ್ಳನ್ನು ಮಾತ್ರ ಹಾಗೇ ಬಿಟ್ಟೆವು. ಅದನ್ನು ಒಪ್ಪಿಸಬೇಕೆಂಬ ನಿಯಮವಿರಲಿಲ್ಲ, ಬಿಸಿಲು ಬೇರೆ ಸುಡುತ್ತಿತ್ತು. ಸೋಮಾರಿತನ ಅನ್ನುತ್ತೀರಾ, ಅನ್ನಿ.

ಆ ಮುಳ್ಳಿನ ಮೇಲೆ ಹಕ್ಕಿಗಳು ಬಂದು ಕೂತವು. ಕೂತ ಹಕ್ಕಿ ಸುಮ್ಮನಿರುತ್ತದೆಯೇ? ಎಲ್ಲೆಲ್ಲಿಯೋ ತಿಂದ ಹಣ್ಣಿನ ಬೀಜವನ್ನು ಹಿಕ್ಕೆಯ ಜೊತೆ ಅಲ್ಲೇ ಹಾಕಿತು. ಮುಳ್ಳಿನ ನೆರಳಿನಲ್ಲಿ ಬೋರೆ ಬಂತು, ಅತ್ತಿ ಬಂತು, ನನಗೇ ಹೆಸರು ಗೊತ್ತಿಲ್ಲದ ಗಿಡಗಳು ಬಂದವು. ಜಾಲಿಯಂತೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೇಕೆಗಳು ಮೂಗು ತೂರಿಸಿ, ಚುಚ್ಚಿಸಿಕೊಂಡು ವಾಪಸ್ಸು ಹೋದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ದಿಣ್ಣೆಯೊಳಗೆ ನೆಟ್ಟಗೆ ನಡೆಯಲು ಆಗುತ್ತಿರಲಿಲ್ಲ, ಬಗ್ಗಿ ನುಸುಳಬೇಕು. ಒಂದು ಮುಂಗುಸಿ ಮರಿ ಹಾಕಿತ್ತು. ಮಧ್ಯಾಹ್ನದ ಬುತ್ತಿಯನ್ನು ನಾನು ಅಲ್ಲೇ ಬಿಚ್ಚುತ್ತಿದ್ದೆ. ನನ್ನ ಕೈಯಾರೆ ನೆಟ್ಟ ಒಂದು ಮರವೂ ಅಲ್ಲಿರಲಿಲ್ಲ, ಆದರೂ ಆ ಜಾಗದ ಮೇಲೆ ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಮೇಲಿದ್ದಷ್ಟೇ ಪ್ರೀತಿ ಇತ್ತು.

ಆಗ ಬಂದರು ಗುಂಡಿ ಸಾಹೇಬರು. ನಮ್ಮ ಸೂಪರ್‌ವೈಸರಿಗೆ ಹೆಂಗಸರೆಲ್ಲ ಸೇರಿ ಇಟ್ಟ ಹೆಸರು ಅದು. ಎಷ್ಟು ಗುಂಡಿ ತೋಡಿದಿರಿ ಎಂಬುದನ್ನು ಬಿಟ್ಟು ಬೇರೊಂದು ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ದಿಣ್ಣೆಯ ಅಂಚಿನಲ್ಲೇ ನಿಂತು ಹಾಳೆಯಲ್ಲಿ ಏನೋ ಗೀಚಿದರು.

"ಬದುಕಿರೋ ಸಸಿ ಸೊನ್ನೆ. ಬುಧವಾರ ಬುಲ್ಡೋಜರ್ ಬರತ್ತೆ. ಕ್ಲೀನ್ ಮಾಡ್ಸಿ ಮತ್ತೆ ಗುಂಡಿ ಹೊಡೀರಿ."

"ಸೊನ್ನೆ ಹೇಗಾಗತ್ತೆ ಸಾರ್? ಕಣ್ಮುಂದೆ ಇಷ್ಟೊಂದು ಮರ ನಿಂತಿದೆಯಲ್ಲ!"

"ಬಿಲ್ಲೆ ಎಲ್ಲಿದೆ ತೋರ್ಸಮ್ಮ. ಬಿಲ್ಲೆ ಇಲ್ದೇ ಇದ್ರೆ ನಮ್ಮ ಲೆಕ್ಕದಲ್ಲಿ ಅದು ಕಳೆ."

"ನಿಮಗಿಂತ ಎರಡರಷ್ಟು ಎತ್ತರ ಇದೆ ಸಾರ್, ಆ ಕಳೆ."

ಅವರಿಗೆ ಅದು ರುಚಿಸಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಸ್ಟೋರಿಗೆ ಹೋಗಿ ನಾದಿನಿಯ ಎದುರು ನಿಂತೆ.

"ಆ ಬಿಲ್ಲೆ ಚೀಲ ಇನ್ನೂ ಇದೆಯೇನೇ?"

"ಇದೆ ಅತ್ತಿಗೆ, ಇಲಿ ತಗಡು ತಿನ್ನಲ್ಲವಲ್ಲ. ಯಾಕೆ?" ಎಂದವಳು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು. "ಅಯ್ಯೋ, ಬೇಡ ಕಣೇ! ಇಬ್ಬರೂ ಮನೆಗೆ ಹೋಗ್ತೀವಿ." ಅಷ್ಟು ಹೇಳಿ ಬೀಗದ ಕೈ ತೆಗೆದಳು.

ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಹದಿನಾರು ಜನ ಹೆಂಗಸರು ಮುಳ್ಳಿನೊಳಗೆ ತೆವಳಿದೆವು. ಒಬ್ಬರ ಸೆರಗೂ ನೆಟ್ಟಗೆ ಉಳಿಯಲಿಲ್ಲ. ಸತ್ತ ಸಸಿಗಳ ಬಿಲ್ಲೆಯನ್ನು ತಾನಾಗಿ ಹುಟ್ಟಿದ ಮರಗಳ ಕೊರಳಿಗೆ ಕಟ್ಟುತ್ತಾ ಹೋದೆವು. ನಾದಿನಿಯ ಬುದ್ಧಿಯನ್ನು ಮೆಚ್ಚಬೇಕು. ಕೊನೆಗೆ ನನ್ನ ಕೈ ಹಿಡಿದು ನಿಲ್ಲಿಸಿದಳು. "ಎಲ್ಲಾ ಬದುಕಿವೆ ಅಂದ್ರೆ ಯಾರು ನಂಬ್ತಾರೆ ಅತ್ತಿಗೆ? ಒಂದು ಅರವತ್ತು ಸಾಯ್ಲಿ ಬಿಡು," ಎಂದಳು. ಅರವತ್ತು ಬಿಲ್ಲೆ ಚೀಲದಲ್ಲೇ ಉಳಿದವು.

ಬುಧವಾರ ಬುಲ್ಡೋಜರಿನ ಮುಂದೆಯೇ ಮರು ಎಣಿಕೆ ಮಾಡಿಸಿದೆ. ಗುಂಡಿ ಸಾಹೇಬರು ಬಗ್ಗಿ ಒಳಗೆ ಹೋದರು, ಅಂಗಿ ಹರಿದುಕೊಂಡು ಹೊರಗೆ ಬಂದರು. ಸಾವಿರದ ನೂರ ನಲವತ್ತು! ತಾವೇ ಬರೆದಿದ್ದ ಸೊನ್ನೆಯನ್ನು ಎರಡು ಸಲ ನೋಡಿ, ಹಾಳೆಯನ್ನು ಮಡಚಿ ಜೇಬಿಗೆ ತುರುಕಿದರು. "ಅವತ್ತು ಬೇರೆ ದಿಣ್ಣೆ ನೋಡಿರ್ಬೇಕು," ಎಂದರು. ಬುಲ್ಡೋಜರ್ ವಾಪಸ್ಸು ಹೋಯಿತು. ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.

ನಗು ತಿಂಗಳೊಪ್ಪತ್ತಿನಲ್ಲಿ ಇಳಿಯಿತು. ಮೇಲಿನ ಕಚೇರಿಯಿಂದ ಕಾಗದ ಬಂತು. ನಮ್ಮದು ಇಲಾಖೆಯಲ್ಲೇ ಅತ್ಯುತ್ತಮ ನೆಡುತೋಪಂತೆ, ನನಗೆ ಪ್ರಶಸ್ತಿಪತ್ರವಂತೆ. ಕೆಳಗೆ ಇನ್ನೂ ಒಂದು ಸಾಲಿತ್ತು. ಹಳ್ಳದಾಚೆಯ ದಿಣ್ಣೆಯ ಕುರುಚಲನ್ನು ಪೂರ್ತಿ ತೆರವು ಮಾಡಿ, ಇದೇ ಮಾದರಿಯಲ್ಲಿ ಮೂರು ಸಾವಿರ ಗುಂಡಿ ತೋಡಬೇಕಂತೆ. ಆ ದಿಣ್ಣೆಯಲ್ಲಿ ಯಾರೂ ಎಂದೂ ಒಂದು ಕಡ್ಡಿಯನ್ನೂ ನೆಟ್ಟವರಲ್ಲ. ಈಚೆಯದಕ್ಕಿಂತ ಅದು ಇನ್ನೂ ದಟ್ಟ, ಇನ್ನೂ ಹಳೆಯದು. ಒಂದು ದಿಣ್ಣೆ ಉಳಿಸಲು ನಾನು ಹೇಳಿದ ಸುಳ್ಳು ಇನ್ನೊಂದನ್ನು ನುಂಗಲು ಹೊರಟಿತ್ತು.

ಶುಕ್ರವಾರ ಮೇಲಿನ ಕಚೇರಿಯ ದೊಡ್ಡ ಮೇಡಂ ಬಂದು ಕೆಲಸಕ್ಕೆ ಚಾಲನೆ ಕೊಡುವುದು ಎಂದು ಗೊತ್ತಾಯಿತು. ಗುರುವಾರ ಮಧ್ಯಾಹ್ನ ಉಳಿದ ಅರವತ್ತು ಬಿಲ್ಲೆಗಳನ್ನು ಮಡಿಲಿಗೆ ಹಾಕಿಕೊಂಡು ನಾನೊಬ್ಬಳೇ ಹಳ್ಳ ದಾಟಿದೆ.

ಶುಕ್ರವಾರ ಟೆಂಟು ಹಾಕಿದ್ದರು, ಮೈಕು ಇಟ್ಟಿದ್ದರು. ಪಕ್ಕದಲ್ಲಿ ಬುಲ್ಡೋಜರ್ ಗುರುಗುಟ್ಟುತ್ತಾ ನಿಂತಿತ್ತು. ಮೇಡಂ ಪ್ರಶಸ್ತಿಪತ್ರ ಕೊಟ್ಟು, "ಎರಡು ಮಾತಾಡಮ್ಮ," ಎಂದರು. ಪ್ರಶಸ್ತಿಪತ್ರವನ್ನು ಕಂಕುಳಿಗೆ ಸಿಕ್ಕಿಸಿ ಮೈಕು ಹಿಡಿದೆ.

"ನಾವು ನೆಟ್ಟಿದ್ದು ಒಂದೂ ಬದುಕ್ಲಿಲ್ಲ ಮೇಡಂ. ಅಲ್ಲಿರೋ ಮರ ಎಲ್ಲಾ ಹಕ್ಕಿ ತಂದಿದ್ದು, ಮುಳ್ಳು ಕಾದಿದ್ದು. ಬಿಲ್ಲೆ ನಾನು ಕಟ್ಟಿದ್ದು. ನಾನೊಬ್ಬಳೇ."

ಗುಂಡಿ ಸಾಹೇಬರು ಮೈಕಿನ ವೈರು ಹುಡುಕತೊಡಗಿದರು. ಮೈಕು ಯಾಕೆ, ನನ್ನ ಗಂಟಲಿಗೆ ಏನಾಗಿದೆ?

ಮೇಡಂ ಮುಖ ಕೆಂಪಾಯಿತು. "ಹಾಗಾದ್ರೆ ಇಷ್ಟು ವರ್ಷ ನೀವು ಇಲ್ಲಿ ಏನು ಮಾಡಿದ್ರಿ?"

"ಏನೂ ಮಾಡ್ಲಿಲ್ಲ. ಮಾಡಿದ್ದಿದ್ರೆ ಇದೂ ಹಾಳಾಗ್ತಿತ್ತು."

"ಇವಳ ವಿಚಾರ ಆಮೇಲೆ ನೋಡೋಣ. ಗಾಡಿ ನಡೀಲಿ," ಎಂದು ಮೇಡಂ ಡ್ರೈವರಿಗೆ ಕೈ ಮಾಡಿದರು.

"ನಡೆಸ್ಬಹುದು ಮೇಡಂ. ಆದ್ರೆ ಆಚೆ ದಿಣ್ಣೇಲೂ ಅರವತ್ತು ಸರ್ಕಾರಿ ಬಿಲ್ಲೆ ಕಟ್ಟಿದೀನಿ. ಎಲ್ಲೆಲ್ಲಿ ಅಂತ ಹೇಳಲ್ಲ. ಇಷ್ಟು ಜನರ ಮುಂದೆ ತಪ್ಪು ಒಪ್ಕೊಂಡಿದೀನಿ, ಅದಕ್ಕೆ ಆ ಬಿಲ್ಲೆಗಳೇ ಸಾಕ್ಷಿ. ಸಾಕ್ಷೀನ ನೀವೇ ನೆಲಸಮ ಮಾಡಿದ್ರಿ ಅಂತ ನಾಳೆ ಯಾರಾದ್ರೂ ಬರೆದ್ರೆ ನನ್ನ ಬೈಬೇಡಿ."

ಮೇಡಂ ಚಾಲಾಕಿ ಹೆಂಗಸು. ಗಾಡಿ ನಿಲ್ಲಿಸುವಂತೆ ಡ್ರೈವರಿಗೆ ಕೈ ತೋರಿಸಿದರು. ಆಮೇಲೆ ಕಾರಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಅಲ್ಲೇ ಆದೇಶ ಬರೆದರು. ನಾನು ಸಸ್ಪೆಂಡ್. ವಿಚಾರಣೆ ಮುಗಿಯುವವರೆಗೆ ಎರಡೂ ದಿಣ್ಣೆಗಳಲ್ಲಿ ಯಥಾಸ್ಥಿತಿ, ಯಾರೂ ಒಂದು ಕೊಂಬೆಯನ್ನೂ ಮುಟ್ಟಬಾರದು.

ಅದಾಗಿ ನಾಲ್ಕು ವರ್ಷವಾಯಿತು. ಮೂವರು ವಿಚಾರಣಾಧಿಕಾರಿಗಳು ಬದಲಾದರು. ಫೈಲು ಮುಚ್ಚುವ ಸುದ್ದಿ ಬಂದಾಗಲೆಲ್ಲ ನಾನು ನನ್ನ ಮೇಲೆಯೇ ಹೊಸ ದೂರು ಬರೆದು ಕಳಿಸುತ್ತೇನೆ. ಒಮ್ಮೆ ಹನ್ನೆರಡು ಬಿಲ್ಲೆಗಳ ವಿಷಯ ಮರೆತಿದ್ದೆ ಎಂದು ಬರೆದೆ. ಇನ್ನೊಮ್ಮೆ ಎರಡು ಮರಗಳಿಗೆ ಒಂದೇ ನಂಬರು ಕಟ್ಟಿದ್ದೇನೆ, ದಯವಿಟ್ಟು ಸ್ಥಳ ಮಹಜರು ಮಾಡಿ ಎಂದು ಬರೆದೆ. ಮಹಜರಿಗೆ ಬಂದವರು ಹತ್ತು ಹೆಜ್ಜೆ ಒಳಗೆ ಹೋಗಿ, ಮುಳ್ಳು ಚುಚ್ಚಿಸಿಕೊಂಡು, ಮುಂದಿನ ತಿಂಗಳು ಬರುತ್ತೇವೆಂದು ಹೋದರು. ಹಾಗೆಂದು ನನಗೆ ಸಂಕಟವಿಲ್ಲ ಅನ್ನಬೇಡಿ. ಬೆಳಗಾದರೆ ಮಣ್ಣಿಗೆ ಕೈ ಹಾಕಿ ಅಭ್ಯಾಸವಾದವಳು ನಾನು. ನರ್ಸರಿಯ ಗೇಟಿನ ಮುಂದೆ ಹಾದುಹೋಗುವಾಗ ಕಣ್ಣು ತುಂಬಿಬರುತ್ತದೆ, ಅತ್ತ ನೋಡದೆ ನಡೆಯುತ್ತೇನೆ.

ಹೋದ ವಾರ ಗುಂಡಿ ಸಾಹೇಬರು ಮನೆಗೇ ಬಂದರು. ಚಾಪೆಯ ಮೇಲೆ ಕೂತು, ನಾದಿನಿ ಕೊಟ್ಟ ನೀರು ಕುಡಿದು, ಒಳ್ಳೆಯ ಮಾತೇ ಆಡಿದರು.

"ನಿಮಗೆ ಒಳ್ಳೆ ಸುದ್ದಿ ತಂದಿದೀನಮ್ಮ. ಇದನ್ನ ಮುಗಿಸ್ಬಿಡೋಣ ಅಂತ ಮೇಡಂ ಹೇಳಿದಾರೆ. ನಿಮ್ದೇನೂ ತಪ್ಪಿಲ್ಲ, ನಿರಪರಾಧಿ ಅಂತ ವರದಿ ಬರೀತಾರೆ. ಸೋಮವಾರದಿಂದ ಕೆಲಸಕ್ಕೆ ಬನ್ನಿ, ಅದೇ ಮೇಸ್ತ್ರಿ ಕೆಲಸ. ಫೈಲು ಮುಚ್ಚಿದ್ರೆ ಆಚೆ ದಿಣ್ಣೇಲಿ ಗುಂಡಿ ಶುರು ಮಾಡ್ಬಹುದು."

ನಾದಿನಿ ನನ್ನ ಕಡೆ ನೋಡಿದಳು. ನನ್ನ ಕೈಗಳೂ ಒಂದು ಕ್ಷಣ ಆಸೆಪಟ್ಟವು, ಸುಳ್ಳೇಕೆ ಹೇಳಲಿ? ಎದ್ದು ನಿಂತು ಬಾಗಿಲು ತೋರಿಸಿದೆ.

"ಖಬರ್ದಾರ್ ಸಾರ್! ನನ್ನ ನಿರಪರಾಧಿ ಅಂತ ಬರೆದ್ರೋ, ನಾಳೇನೇ ಕೋರ್ಟಿಗೆ ಹೋಗ್ತೀನಿ."